ಅಪ್ಪ ಹೇಳಿದ ಗುಂಡು

ಶಶಿಕುಮಾರನಿಗೆ,

'ಶಶಿಕುಮಾರ್ ಅವರಿಗೆ' ಅಂತ ಬರೆದು ಹೊಡೆದುಹಾಕಿದೆ. ಇಷ್ಟು ದಿನ ನೀವು, ತಾವು ಅಂದಿದ್ದು ಸಾಕು. 'ಲ್ಯಾಬ್ ಕೆಲಸ ಬಿಡು, ಮದುವೆಗೆ ಅಮ್ಮನ್ನ ಒಪ್ಪಿಸ್ತೀನಿ' ಅಂತ ಮೆಸೇಜ್ ಕಳಿಸಿದೀಯಲ್ಲ, ಅದಕ್ಕೆ ಉತ್ತರ ಇದು. ಕೂತು ಓದು.

ಬಿಳಿಕೆರೆ ಬಸ್ ಸ್ಟ್ಯಾಂಡಲ್ಲಿ ನನ್ನ ಕೆಲಸ ಏನು ಅಂತ ನಿನಗೆ ಬಿಡಿಸಿ ಹೇಳಿದ್ದೆ. ಸಾಸಿವೆ ಕಾಳಿಗಿಂತ ತುಸು ದಪ್ಪದ ಇಂಧನದ ಗುಂಡು. ಅದನ್ನ ಗಾಳಿ ತೆಗೆದ ಉಕ್ಕಿನ ಕೋಣೆಯೊಳಕ್ಕೆ ಹಾರಿಸಬೇಕು, ನಟ್ಟನಡುವೆ ಬಂದ ಕ್ಷಣಕ್ಕೇ ಸುತ್ತಲಿಂದ ಲೇಸರ್ ಬಡೀಬೇಕು. ಸರಿಯಾಗಿ ಬಡಿದರೆ ಸೂರ್ಯನ ಹೊಟ್ಟೆಯೊಳಗಿನ ಬೆಂಕಿಯೇ ಅಲ್ಲಿ ಹೊತ್ತಿಕೊಳ್ಳುತ್ತೆ, ಒಂದು ದಿನ ಅದರಿಂದ ಕರೆಂಟ್ ತೆಗೀಬೇಕು ಅಂತ ನಮ್ಮ ಆಸೆ. ಸದ್ಯಕ್ಕೆ ಖಾಲಿ ಗುಂಡಲ್ಲೇ ಅಭ್ಯಾಸ. ಕೂದಲೆಳೆಯಷ್ಟು ಆಚೀಚೆ ಆದರೂ ಎಲ್ಲ ದಂಡ. ಲ್ಯಾಬಲ್ಲಿ ನಾವು ಕನ್ನಡದೋರು ಅದಕ್ಕೆ 'ಗುಂಡು ಹಾಕೋದು' ಅಂತೀವಿ. ಆವತ್ತು ನೀನು ಕಡ್ಲೆಕಾಯಿ ಬಿಡಿಸ್ತಾ 'ಭಾರಿ ಕೆಲಸ ಕಣೇ ಬೃಂದಾ' ಅಂದೆ. ಅರ್ಥ ಆಗಿತ್ತು ನಿನಗೆ.

ವೀಳ್ಯಶಾಸ್ತ್ರದ ದಿನ ಕಂಪಲಾಪುರದ ನಮ್ಮನೆ ಜಗಲೀಲಿ ನಿನ್ನಮ್ಮ ಸುನಂದಮ್ಮ 'ಹುಡುಗಿಗೆ ಏನು ಕೆಲಸ?' ಅಂದ್ರು. ನಮ್ಮಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಎದೆ ಉಬ್ಬಿಸಿ 'ನನ್ ಮಗಳು ದಿನಾ ಗುಂಡು ಆಕ್ತಾಳೆ ಕಣ್ರವ್ವ' ಅಂದ್ರು. ಆ ಮಾತಿಗೆ ಇನ್ನೊಂದು ಅರ್ಥ ಇದೆ ಅನ್ನೋದು ಅವರಿಗೆ ಹೊಳೀಲೇ ಇಲ್ಲ. ನಿಮ್ಮ ಕಡೆಯೋರು ಬಿದ್ದು ಬಿದ್ದು ನಕ್ಕರು. ನಗಲಿ, ಅವರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಲ್ಲೋ? ಒಂದು ಮಾತು ಹೇಳಬಹುದಿತ್ತು. ಅದು ಬಿಟ್ಟು 'ಎಷ್ಟು ಪೆಗ್ಗು ಮಾವ?' ಅಂದೆ. ನಾನು ಅರ್ಥ ಹೇಳೋಕೆ ಹೋದರೆ ಯಾರಿಗೂ ಕೇಳೋ ವ್ಯವಧಾನ ಇರಲಿಲ್ಲ. ತಾನೇನು ತಪ್ಪಾಡಿದೆ ಅಂತ ತಿಳೀದೆ ಅಪ್ಪನೂ ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತೆ.

ನಿನ್ನಮ್ಮ ಈ ಸಂಬಂಧ ಬೇಡ ಅಂದಮೇಲೆ ಅಪ್ಪ ಟೀ ಅಂಗಡಿಗೆ ಹೋಗೋದೇ ಬಿಟ್ಟರು. 'ನನ್ ಬಾಯಿಂದ ನಿನ್ ಮದ್ವೆ ಕೆಡ್ತು ಕಣವ್ವ' ಅಂತ ಒಂದೇ ಕೊರಗು. 'ಕೆಟ್ಟಿದ್ದು ನಿಮ್ಮ ಬಾಯಿಂದ ಅಲ್ಲಪ್ಪ, ಅವನ ಬಾಯಿಂದ' ಅಂದೆ. ಈ ಮದುವೆ ನನಗೆ ಬೇಡ ಅಂತಾನೂ ಅಂದೆ.

ಇವತ್ತು ಸಂಜೆ ಅವರದೇ ಫೋನ್. ಹಿಂದೆ ಲೋಟದ ಸದ್ದು, ಜನರ ಗಲಾಟೆ. ಟೀ ಅಂಗಡಿಯಿಂದಲೇ ಮಾಡಿದ್ದರು. ಊರಿಗೆಲ್ಲ ಕೇಳೋ ಹಾಗೆ ಕೇಳಿದರು: 'ಏನವ್ವ, ಇವತ್ತು ಗುಂಡು ಆಕುದ್ಯಾ?'

'ಹಾಕಿದೆ ಕಣಪ್ಪ, ನಟ್ಟನಡುವೆ' ಅಂದೆ.

ನಿನಗೂ ಒಳ್ಳೇದಾಗಲಿ. ಇನ್ಯಾರ ಮನೆ ಜಗಲೀಲಿ ಕೂತರೂ, ನಗೋಕೆ ಮುಂಚೆ ಆ ಹುಡುಗಿ ಅಪ್ಪನ ಮುಖ ಒಂದು ಸಲ ನೋಡು.

ದಿನಾ ಗುಂಡು ಹಾಕೋ,
ಬೃಂದಾ