ಕೆಂಪು ಬೆರಳು

ವ್ರಾತ್ಸಾ
೧೯೯೭ ಏಪ್ರಿಲ್ ೨೧

ಜ್ಲಾತಿನಾಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಬೇಕಾದರೆ ನೀನೇ ಸೇರಿಸಿಕೋ.

ಶುಕ್ರವಾರ ಚರ್ಚಿನ ಅಂಗಳದಲ್ಲಿ ನೀನು ಸೂಪು ಬಡಿಸುತ್ತಿದ್ದಾಗ ಬಂದ ಮುದುಕಿ ನಾನೇ, ನಿನ್ನ ಮೂರನೆಯ ತರಗತಿಯ ಟೀಚರ್. ಬೇಡಲು ಬಂದವಳಲ್ಲ ನಾನು. ಸಾಲು ಕಂಡಿತು, ನಿಂತೆ. ಕಮ್ಯುನಿಸ್ಟ್ ಪಕ್ಷದ ಕಾಲ ಮುಗಿದು ಏಳು ವರ್ಷವಾದರೂ ಕಾಲಿಗೆ ಆ ಅಭ್ಯಾಸ ಹೋಗಿಲ್ಲ. ಏನು ಕೊಡುತ್ತಿದ್ದಾರೆ ಎಂದು ಮುಂದಿನವಳನ್ನು ಕೇಳಿದರೆ, “ಯಾರಿಗ್ ಗೊತ್ತಮ್ಮಾ? ಮೊದ್ಲು ನಿಂತ್ಕೋ, ಆಮೇಲ್ ಕೇಳು!” ಎಂದು ಗದರಿದಳು. ಸಕ್ಕರೆಯಿರಬಹುದು ಎಂದುಕೊಂಡೆ. ಹಂಡೆ ಕಣ್ಣಿಗೆ ಬೀಳುವಷ್ಟರಲ್ಲಿ ಹಿಂದೆ ಮೂವತ್ತು ಜನ ಸೇರಿದ್ದರು.

“ಕೈ ಚಾಚಿ ಟೀಚರ್, ಬಟ್ಟಲು ಸುಡುತ್ತೆ” ಎಂದೆ ನೀನು. ಆ ಮಾತು ನನ್ನದು. ಪ್ರತಿ ವರ್ಷ ಈಸ್ಟರ್ ಮರುದಿನ, ಸೋಮವಾರ ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ನಿಂತು “ಕೈ ಚಾಚಿ” ಎನ್ನುತ್ತಿದ್ದೆ. ದೇವರ ಹಬ್ಬ ಮಾಡುವುದೇ ಆಗ ತಪ್ಪು. ಯಾರ ಮನೆಯಲ್ಲಿ ಹಬ್ಬದ ಮೊಟ್ಟೆಗೆ ಬಣ್ಣ ಹಾಕಿದ್ದಾರೆ ಎಂದು ಮಕ್ಕಳ ಬೆರಳು ನೋಡಿ ಬರೆದುಕೊಳ್ಳಬೇಕಿತ್ತು. ನಿನ್ನ ಬೆರಳು ಕೆಂಪಗಿತ್ತು. “ಬೀಟ್‌ರೂಟ್ ಹೆಚ್ಚಿದ್ದು, ಕಾಮ್ರೇಡ್ ಟೀಚರ್” ಎಂದೆ, ಒಂಬತ್ತು ವರ್ಷದವಳು. ನಾನು ನಿನ್ನ ಅಜ್ಜಿಯನ್ನು ಕರೆಸಿ, ಇಡೀ ತರಗತಿಯ ಎದುರು ದೇವರಿಲ್ಲ ಎಂದು ಹೇಳಿಸಿದೆ. ನಿನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಅವರು ಹೇಳಿದರು. ಮೇಲಿನವರ ಆಜ್ಞೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ಬರೆದುಕೊಳ್ಳುವುದು ಮಾತ್ರ ಆಜ್ಞೆಯಾಗಿತ್ತು. ಅಜ್ಜಿಯನ್ನು ಕರೆಸು ಎಂದು ಯಾರೂ ಹೇಳಿರಲಿಲ್ಲ.

ನೀನೋ, ಸೌಟನ್ನು ತಳದವರೆಗೆ ಇಳಿಸಿ, “ಬೀನ್ಸೆಲ್ಲ ಕೆಳಗೇ ಕೂತಿರುತ್ತೆ ಟೀಚರ್, ಮೇಲೆ ಬರೀ ನೀರು” ಎಂದು ತುಂಬಿಸಿಕೊಟ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆಯ ಮರೆಗೆ ಹೋಗಿ ಅತ್ತೆ, ಅಳುತ್ತಲೇ ಅಷ್ಟನ್ನೂ ಉಂಡೆ. ಹೊಟ್ಟೆಗೆ ನಾಚಿಕೆಯಿಲ್ಲ. ಅಭ್ಯಾಸ ಎಂದದ್ದು ಶುಕ್ರವಾರಕ್ಕಷ್ಟೇ ನಿಜ. ನಿನ್ನೆಯೂ ಬಂದಿದ್ದೆ, ನೀನಿಲ್ಲದ್ದನ್ನು ನೋಡಿಕೊಂಡು ಸಾಲಿಗೆ ಸೇರಿದೆ.

ಗುರುವಾರ ಅಲ್ಲಿ ಮೊಟ್ಟೆಗೆ ಬಣ್ಣ ಹಾಕುತ್ತೀರಂತೆ. ಬಣ್ಣಕ್ಕೆ ಬೇಯಿಸುವ ಈರುಳ್ಳಿ ಸಿಪ್ಪೆ ಸುಲಿಯುವ ಕೆಲಸವಾದರೂ ಕೊಟ್ಟರೆ ಬರುತ್ತೇನೆ, ನಿನ್ನ ಕಣ್ಣೆದುರೇ ಬರುತ್ತೇನೆ. ನಿನ್ನ ಅಜ್ಜಿ ಇದ್ದಾರೆಯೇ? ಕೇಳುವುದಕ್ಕೂ ಮುಖವಿಲ್ಲ.

ತಲೆತಗ್ಗಿಸಿ,
ವೆಲಿಚ್ಕಾ ದೋನ್ಚೆವಾ

ಮತ್ತೊಂದು ಮಾತು: ಆ ಸೋಮವಾರ ನನ್ನ ಎರಡೂ ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು, ನೆನಪಿದೆಯೇ? ಬೋರ್ಡಿನ ಮೇಲೆ ನಾನಿನ್ನೂ ಒಂದಕ್ಷರವನ್ನೂ ಬರೆದಿರಲಿಲ್ಲ. ಆ ಪುಡಿಯ ಅಡಿಯಲ್ಲಿ ನನ್ನ ಬೆರಳೂ ಕೆಂಪಗಿತ್ತು.