ಎಮ್ಮೆ ಕಟ್ಟುತ್ತಿದ್ದ ಕಲ್ಲು

ಕಾಕಾ,

ನಿಮ್ಮ ಅಣ್ಣನ ಮಗಳು ಸುಧಾಳ ನಮಸ್ಕಾರ. ನೀವು ಹೋದ ಮೇಲೆ ಸೋಲಾಪುರದ ನಮ್ಮ ಇತಿಹಾಸ ಮಂಡಳ ಹೇಗಿದೆ ಎಂದು ನಿಮಗೆ ಕುತೂಹಲ ಇದ್ದೇ ಇರುತ್ತದೆ. ಇದೆ, ಹೆಸರಿಗೆ. ತಿಂಗಳಿಗೊಮ್ಮೆ ವಾಚನಾಲಯದ ಹಾಲಿನಲ್ಲಿ ಸೇರುತ್ತೇವೆ. ಯಾರಾದರೂ ಕೋಟೆಗಳ ಫೋಟೋ ತೋರಿಸಿ ಮರಾಠಿಯಲ್ಲಿ ಮಾತಾಡುತ್ತಾರೆ, ಚಹಾ ಆಗುತ್ತದೆ. ಕನ್ನಡ ಓದಬಲ್ಲವಳು ಈಗ ನಾನೊಬ್ಬಳೇ. ಶಾಸನ ಎದುರಾದರೆ ನೀವು ಕಲಿಸಿದಷ್ಟರಲ್ಲೇ ತಡಕಾಡುತ್ತೇನೆ.

ನೆನಪಿದೆಯಾ, ವಳಸಂಗ ದಾಟಿ ಅಕ್ಕಲಕೋಟೆಯ ಕಡೆ ಹೋಗುವಾಗ ಒಂದು ಹಳ್ಳಿಯ ಬಾವಿಯ ಹತ್ತಿರ ನೀವು ಸ್ಕೂಟರ್ ನಿಲ್ಲಿಸಿದ್ದು? ಅರ್ಧ ನೆಲದಲ್ಲಿ ಹೂತಿದ್ದ ಶಾಸನದ ಕಲ್ಲಿಗೆ ಎಮ್ಮೆ ಕಟ್ಟಿದ್ದರು. ನೀವು ನೀರು ಹಾಕಿ ತೊಳೆದು, ಅಕ್ಷರಗಳ ಮೇಲೆ ಹಿಟ್ಟು ಸವರಿ ಓದಿದಿರಿ. ಕಂಡಷ್ಟು ಸಾಲುಗಳಲ್ಲಿ ಬರೀ ರಾಜನ ಬಿರುದುಗಳು.

"ರಾಜರ ಹೆಸರು ಎಲ್ಲಾ ಕಲ್ಲಿನ್ಯಾಗೂ ಸಿಗತಾವ ಸುಧಾ. ಇದನ್ನ ಬರಿಸಿದವರು ಯಾರು? ಅದು ಮಣ್ಣಾಗ ಐತಿ ನೋಡು," ಅಂದಿರಿ.

ಅಗೆದು ನೋಡೋಣ ಎಂದರೆ ಒಪ್ಪಲಿಲ್ಲ. ಸರಕಾರದ ಪರವಾನಗಿ ಬರುವ ತನಕ ಸಲಿಕೆ ಮುಟ್ಟಬಾರದು ಎಂಬ ಹಟ ನಿಮ್ಮದು. ಪರವಾನಗಿ ಬರಲೇ ಇಲ್ಲ, ಅಷ್ಟರಲ್ಲಿ ನೀವು...

ಆ ಎಮ್ಮೆ ಬಿಡಿಸಿದ್ದೂ ಒಂದು ಕತೆ. ಇತಿಹಾಸ, ಪರಂಪರೆ ಎಂದು ಎಷ್ಟು ಹೇಳಿದರೂ ಊರಿನವರು ಕೇಳಲಿಲ್ಲ. ಕೊನೆಗೆ ನೀವು ಕಲ್ಲಿನ ತಲೆಯ ಮೇಲಿದ್ದ ಸೂರ್ಯ, ಚಂದ್ರ, ಲಿಂಗ ತೋರಿಸಿ, "ಇದು ದೇವ್ರ ಕಲ್ಲು. ದೇವ್ರಿಗೆ ಎಮ್ಮಿ ಕಟ್ಟತೀರೇನ್ರಿ?" ಅಂದಿರಿ. ಊರಿನ ಹಿರಿಯರಾದ ಪಾಟೀಲರು ಗಲ್ಲ ಬಡಿದುಕೊಂಡು ತಾವೇ ಹಗ್ಗ ಬಿಚ್ಚಿದರು. ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕೆವು. ಮಂಡಳದಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿಲ್ಲ ನೀವು?

ಊರಿನವರು ನಿಮ್ಮ ಮಾತು ಮರೆಯಲಿಲ್ಲ ಕಾಕಾ. ಮೊದಲು ಎಣ್ಣೆ ಹಾಕಿದರು, ಆಮೇಲೆ ಮೈತುಂಬ ಕೇಸರಿ ಶೇಂದೂರ ಬಳಿದರು. ರಾಜನ ಬಿರುದುಗಳ ಮೇಲೆ ಈಗ ಬೆಳ್ಳಿಯ ಕಣ್ಣುಗಳಿವೆ. ಈ ವರ್ಷ ಸಣ್ಣದೊಂದು ಗುಡಿಯನ್ನೂ ಕಟ್ಟಿದರು. ಪಾಟೀಲರು ಫೋನ್ ಮಾಡಿ, "ನಿಮ್ಮ ಕಾಕಾರು ತೋರಿಸಿಕೊಟ್ಟ ದೇವ್ರು. ನೀವು ಬರಲಿಲ್ಲಂದ್ರ ನಮಗ ಸಮಾಧಾನ ಆಗಂಗಿಲ್ರಿ," ಎಂದರು.

ಹೋದೆ. ಉಡಿ ತುಂಬಿದರು, ಮೈಕಿನಲ್ಲಿ ನಿಮ್ಮ ಹೆಸರು ಹೇಳಿದರು. ಇನ್ನೂ ಛಾವಣಿ ಹಾಕದ ಗುಡಿಯಲ್ಲಿ ಕೂರಿಸುವುದಕ್ಕೆಂದು ಕ್ರೇನ್ ಕಲ್ಲನ್ನು ಮೇಲೆತ್ತಿತು. ಓದಬೇಕೆಂದು ನೀವು ಕೊನೆಯ ತನಕ ಹಂಬಲಿಸಿದ ಕೆಳಭಾಗ ನನ್ನ ಕಣ್ಣೆದುರೇ ತೂಗುತ್ತಿತ್ತು, ಮೈತುಂಬ ಕರಿಮಣ್ಣು. ಕೆಳಗೆ ಹಸಿ ಸಿಮೆಂಟ್ ಕಲಸಿ ಇಟ್ಟಿದ್ದರು.

"ಪಾಟೀಲ್ರ, ಸ್ವಲ್ಪ ತಡೀರಿ. ತೊಳದು ಫೋಟೋ ತಕ್ಕೋತೀನಿ."

"ಮುಹೂರ್ತ ಮೀರತೈತಿ ತಂಗಿ. ಆಮ್ಯಾಲ ನೋಡಿದ್ರಾತು."

"ಆಮ್ಯಾಲ ಅದು ಸಿಮೆಂಟಿನ್ಯಾಗ ಹೋಗತೈತ್ರಿ. ಯಾರು ಬರಿಸ್ಯಾರ ಅಂತ ಅದರಾಗ ಐತಿ."

"ದೇವ್ರನ್ನ ಯಾರು ಬರಸ್ತಾರವ್ವಾ?" ಎಂದು ಅವರು ಪ್ರೀತಿಯಿಂದಲೇ ನಕ್ಕರು.

ನಾನೇನು ಹೇಳಬೇಕಿತ್ತು? ಅದು ದೇವರಲ್ಲ, ನಮ್ಮ ಕಾಕಾ ನಿಮಗೆ ಸುಳ್ಳು ಹೇಳಿದ್ದರು ಅಂತಲೇ? ಅದೇ ಪೆಂಡಾಲಿನಲ್ಲಿ ನಿಮ್ಮ ಫೋಟೋಗೆ ಹಾರ ಹಾಕಿದ್ದರು. ಸೆರಗಿನಿಂದ ಕೈಗೆಟುಕಿದ ಕಡೆ ಉಜ್ಜಿದೆ. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನವರು ಗಂಟೆ ಬಾರಿಸಿದರು, ಕಲ್ಲು ಇಳಿಯಿತು. ಆ ಗಡಿಬಿಡಿಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮಣ್ಣು ಬಿಟ್ಟರೆ ನನ್ನ ಕೈಯಷ್ಟೇ ಕಾಣುತ್ತದೆ.

ಮಂಡಳದಲ್ಲಿ ಹೇಳಿಕೊಂಡೆ. "ಜಾಊ ದ್ಯಾ, ಶ್ರದ್ಧೇಚಾ ವಿಷಯ ಆಹೇ," ಎಂದರು. ಶ್ರದ್ಧೆಯ ವಿಷಯ, ಬಿಟ್ಟುಬಿಡಿ ಎಂದು. ಅವರದೇನು ತಪ್ಪು? ಊರಿನವರದಾದರೂ ಏನು ತಪ್ಪು? ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ಹಾಗೆ ಹೇಳದಿದ್ದರೆ ಆ ಕಲ್ಲು ಇಷ್ಟು ವರ್ಷ ಉಳಿಯುತ್ತಲೇ ಇರಲಿಲ್ಲ. ಕೈ ಕಟ್ಟಿಹಾಕಿದ ಹಾಗಾಗಿದೆ.

ಯಾರಿಗೂ ಹೇಳದ ಒಂದು ಮಾತಿದೆ. ಉಜ್ಜಿದ ಕಡೆ ನನಗೆ ಓದಲು ಸಿಕ್ಕಿದ್ದು ಒಂದು ಹೆಸರಿನ ಕೊನೆ, 'ಬ್ಬೆ'. ಅದರ ಪಕ್ಕದಲ್ಲಿ 'ಕಟ್ಟಿಸಿದ'. ಆ ಕಾಲದ ಹೆಂಗಸರ ಹೆಸರುಗಳು ಹಾಗೆ ಮುಗಿಯುತ್ತವೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಬರೆಸಿದ್ದು ಒಬ್ಬ ಹೆಣ್ಣುಮಗಳು, ಕಾಕಾ. ಕೆರೆಯೋ, ಬಾವಿಯೋ, ಏನನ್ನೋ ಕಟ್ಟಿಸಿದ್ದಾಳೆ. ಅವಳ ಹೆಸರಿನ ಉಳಿದ ಅಕ್ಷರಗಳು ನನ್ನ ಸೆರಗಿನಿಂದ ಎರಡೇ ಬೆರಳು ಆಚೆಗಿದ್ದವು.

ನಿಮ್ಮ
ಸುಧಾ