ಬಿಸಿ ಮಾಡಿದ ಪೆಸ್ಟೊ

ಮೇ ೧೪, ಬುಧವಾರ

ಅಮ್ಮ ನಮ್ಮ ಲಾ ಸ್ಪೆತ್ಸಿಯಾ ಮನೆಗೆ ಬರ್ತಾಳೆ, ನಿಜವಾಗಿಯೂ ಬರ್ತಾಳೆ! ಕುಣಿಯೋಣ ಅಂದರೆ ಕಾಲು ಏಳುತ್ತಿಲ್ಲ. ಬೆಳಿಗ್ಗೆ ಸವೋನಾ ಬಂದರಿನಲ್ಲಿ ಕೆಲಸ, ಮಧ್ಯಾಹ್ನ ಜಿನೋವಾದಲ್ಲಿ. ಹಡಗಿನಿಂದಿಳಿದ ನಲವತ್ತು ಪ್ರವಾಸಿಗಳಿಗೆ ಊರು ತೋರಿಸಿ ಗಂಟಲೂ ಬತ್ತಿದೆ.

ನನ್ನ ಮದುವೆಗೆ ಅಮ್ಮ ಬಂದಿರಲಿಲ್ಲ. ನನ್ನ ಗಂಡ ಫ್ಯಾಬ್ರಿತ್ಸಿಯೊ ಮಿಲಾನಿನವನು, ಪೆಸ್ಟೊ ಬಿಸಿ ಮಾಡಬಾರದೆಂಬ ಜಿನೋವಾದವರ ಕಟ್ಟಳೆ ಅವನಿಗೆಲ್ಲಿ ಗೊತ್ತು! ಮೊದಲ ಸಲ ಜಿನೋವಾದ ಅಮ್ಮನ ಮನೆಗೆ ಬಂದಾಗ, ಅವಳು ಬೇಸಿಲ್ ಎಲೆ ಹಾಕಿ ಕಲ್ಲಿನಲ್ಲಿ ಅರೆದಿದ್ದ ಪೆಸ್ಟೊವನ್ನು ಒಲೆಗಿಟ್ಟು ಬಿಸಿ ಮಾಡಿಬಿಟ್ಟ. ಹಸಿರು ಚಟ್ನಿ ಕಪ್ಪಾಯಿತು, ಅಮ್ಮನ ಮುಖವೂ. ಆಮೇಲೆ ಇವತ್ತಿನವರೆಗೂ, ಐದು ತಿಂಗಳು, ನನ್ನ ಜೊತೆ ಮಾತಿಲ್ಲ.

ಇವತ್ತು ಪ್ರವಾಸಿಗಳ ಜೊತೆ ಅವಳ ಓಣಿಯಲ್ಲೇ ತಲೆ ತಗ್ಗಿಸಿ ನಡೆಯುತ್ತಿದ್ದೆ. ನಾಲ್ಕನೇ ಮಹಡಿಯ ಕಿಟಕಿಯಿಂದ ಕೂಗು.

“ಏ ಲವೀನಿಯಾ! ನಿನ್ನ ಗಂಡ ಇನ್ನೂ ಪೆಸ್ಟೊ ಬಿಸಿ ಮಾಡ್ತಾನೇನೇ?”

ಸುಳ್ಳು ಹೇಳುವಷ್ಟು ತ್ರಾಣವಿರಲಿಲ್ಲ. “ಮಾಡ್ತಾನಮ್ಮಾ!”

“ನೀನೂ ಅದನ್ನೇ ತಿಂತೀಯಾ?”

“ತಿಂತೀನಿ!”

“ಅಯ್ಯೋ ಕರ್ಮ! ಎಷ್ಟು ಸೊರಗಿದೀಯ ನೋಡು. ಇನ್ನು ನಾನೇ ಬರಬೇಕು!”

ಇದೂ ಪ್ರವಾಸದ ಭಾಗವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿ ವಂದಿಸಿದೆ, ಕಣ್ಣೊರೆಸಿಕೊಳ್ಳಲು.

ಫ್ಯಾಬ್ರಿತ್ಸಿಯೊ, ನೀನು ಎಂಥಾ ಮುದ್ದು ಕಣೋ, ಆದರೆ ದಯವಿಟ್ಟು ಒಲೆ ಮುಟ್ಟಬೇಡ. ರೆಪ್ಪೆ ಮುಚ್ಚಿಕೊಳ್ಳುತ್ತಿದೆ. ಅಮ್ಮ ಬರೋದು ಶನಿವಾರ, ಜಿನೋವಾದಿಂದ ಹೊರಡುವ ಹತ್ತು ಇಪ್ಪತ್ತರ ರೈಲಿಗೆ.